ಸಿಡುಕು ಕರುಳನ್ನು ಸಾಕುವ ಕ್ರಮ

ಮೊದಲು ನಿಮ್ಮ ಕರುಳು ನಿಜವಾಗಿಯೂ ಸಿಡುಕಿನದೇ ಎಂದು ಖಾತ್ರಿ ಮಾಡಿಕೊಳ್ಳಿರಿ. ಇದಕ್ಕೆ ರೋಮ್ ಹೆಸರಿನ ಅಳತೆಗೋಲೊಂದಿದೆ; ಅದರ ನಾಲ್ಕನೆಯ ಆವೃತ್ತಿ 2016ರಲ್ಲಿ ಬಂತು. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆ ನೋಯಬೇಕು. ಆ ನೋವು ಸಂಡಾಸಕ್ಕೆ ಹೋಗಿಬಂದರೆ ಏರುವುದೋ ಇಳಿಯುವುದೋ ಆಗಬೇಕು, ಹೋಗುವ ಸಲಗಳು ಬದಲಾಗಬೇಕು, ಹೋದದ್ದರ ರೂಪ ಬದಲಾಗಬೇಕು. ಈ ಮೂರರಲ್ಲಿ ಎರಡಿದ್ದರೆ ಸಾಕು. ಇದೆಲ್ಲ ಶುರುವಾಗಿ ಆರು ತಿಂಗಳು ಕಳೆದಿರಬೇಕು. ಅಷ್ಟಿದ್ದರೆ ನೀವು ಐಬಿಎಸ್‌ಗೆ, ಅಂದರೆ ಸಿಡುಕು ಕರುಳಿಗೆ ಅರ್ಹರು. ಇನ್ನು ಮುಂದೆ ಅದು ಕೈಬಿಟ್ಟುಹೋಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಈ ಕಾಯಿಲೆಯಲ್ಲಿ ಕರುಳಿಗೆ ಹುಣ್ಣಿರುವುದಿಲ್ಲ, ಗಡ್ಡೆಯಿರುವುದಿಲ್ಲ. ಕ್ಯಾಮೆರಾ ಇಳಿಸಿ ನೋಡಿದರೂ ಎಲ್ಲ ಸ್ವಚ್ಛ. ಕೆಟ್ಟಿರುವುದು ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನಿಮಗೆ ನೋವಾಗಿ ಕೇಳಿಸುತ್ತದೆ. ಆದ್ದರಿಂದ ರಿಪೋರ್ಟು ನಾರ್ಮಲ್ ಬಂದಾಗ ಮುಖ ಸಪ್ಪೆ ಮಾಡಿರಿ. 'ಏನೂ ಇಲ್ಲ' ಎಂದ ಡಾಕ್ಟರಿಗೆ ಏನೂ ಬರುವುದಿಲ್ಲವೆಂದು ತಿಳಿಯಿರಿ. ಅದೇ ಸ್ಕ್ಯಾನನ್ನು ಸೋಲಾಪುರದಲ್ಲೊಮ್ಮೆ, ಮೀರಜಿನಲ್ಲೊಮ್ಮೆ ಮಾಡಿಸಿರಿ. ಫೈಲು ದಪ್ಪಗಾದಷ್ಟೂ ಮನೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇದಕ್ಕೊಂದು ಅಪವಾದವಿದೆ. ಸಂಡಾಸದಲ್ಲಿ ರಕ್ತ ಕಂಡರೆ, ತೂಕ ತಾನಾಗಿಯೇ ಇಳಿಯುತ್ತಿದ್ದರೆ, ಮೈಯಲ್ಲಿ ರಕ್ತ ಕಡಿಮೆಯೆಂದು ಗೊತ್ತಾದರೆ, ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಿದ್ದರೆ, ಅಥವಾ ಈ ತಂಟೆಯೆಲ್ಲ ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ, ಅದು ಸಿಡುಕು ಕರುಳಿನ ಲಕ್ಷಣವಲ್ಲ. ಬೇರೇನನ್ನೋ ಹುಡುಕಬೇಕೆಂಬ ಸೂಚನೆ. ಆಗ ಮಾತ್ರ ಯಾವ ಸ್ಕ್ಯಾನೂ ಬೇಡ. 'ಉಷ್ಣ ಆಗೇತಿ, ಮೂಲವ್ಯಾಧಿ ಇರಬೇಕು' ಎಂದು ನೀವೇ ತೀರ್ಮಾನಿಸಿರಿ. ಗೋಡೆ ಬರಹದಲ್ಲಿ ಆಪರೇಶನ್ ಇಲ್ಲದೆ ಗುಣ ಎಂದಿರುತ್ತದಲ್ಲ, ಆ ನಂಬರಿಗೆ ಫೋನು ಹಚ್ಚಿರಿ.

ಇನ್ನು ಊಟದ ವಿಷಯಕ್ಕೆ ಬನ್ನಿರಿ. ಇಲ್ಲಿ ನಿಮಗೆ ಮೊದಲು ಅಡ್ಡ ಬರುವುದು ನಿಮ್ಮ ಅಜ್ಜಿಯ ತಾಟು. ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಮಗ್ಗುಲಲ್ಲಿ ಸವತಿಕಾಯಿ, ಗಜ್ಜರಿ. ಈ ತಾಟು ಬಹಳ ಅಪಾಯದ್ದು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮೊನಾಶ್ ವಿಶ್ವವಿದ್ಯಾಲಯವೆಂಬುದಿದೆ. ಅಲ್ಲಿನ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರು ಹುಟ್ಟುಹಾಕಿದರು. ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಸಕ್ಕರೆಗಳಿಗೆ ಅದು ಒಟ್ಟಾರೆ ಹೆಸರು. ಅವು ನೀರನ್ನು ಎಳೆದುಕೊಳ್ಳುತ್ತ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಯಿಸಿ ಗಾಳಿ ಮಾಡುತ್ತವೆ. ಗೋಧಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬೇಳೆಕಾಳು, ಹಾಲು, ಮಾವಿನಹಣ್ಣು, ಹೂಕೋಸು ತಂಟೆಯ ಪಟ್ಟಿಯಲ್ಲಿ ನಿಂತರೆ ಜೋಳ, ಶೇಂಗಾ, ಬದನೆ, ಸವತಿ, ಗಜ್ಜರಿ ಎಲ್ಲವೂ ಆಚೆ ಕಡೆ ಸುರಕ್ಷಿತವಾಗಿ ಕುಳಿತಿವೆ. ಡೋಣಿ ನದಿಯ ದಂಡೆಯ ಜೋಳ ತಿಂದು ಬೆಳೆದವರಿಗೆ ರೋಗವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿದೀತು.

ಪರಿಹಾರ ಸುಲಭ. ರೊಟ್ಟಿ ಬಿಡಿರಿ, ಚಪಾತಿ ಹಿಡಿಯಿರಿ. ಹೊಟ್ಟೆ ಸೂಕ್ಷ್ಮವಾದವರಿಗೆ ರೊಟ್ಟಿ ಜಡ, ಚಪಾತಿ ಮೆತ್ತಗೆ ಎಂದು ಹೇಳುವ ಹಿರಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರ ಮಾತು ಕೇಳಿರಿ. ಮುಂಜಾನೆಯ ನಾಷ್ಟಾಕ್ಕೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಪಾವು, ರಾತ್ರಿ ಮತ್ತೆ ಚಪಾತಿ. ಗೋಧಿ ದಿನಕ್ಕೆ ನಾಲ್ಕು ಸಲ ಒಳಗೆ ಹೋದರೆ ಜೋಳ ಇಷ್ಟು ವರ್ಷ ಕಾಪಾಡಿದ್ದೆಲ್ಲ ಹದಿನೈದು ದಿನದಲ್ಲಿ ಮರೆತುಹೋಗುತ್ತದೆ. ಗೋಧಿಯ ಮೇಲೇ ಸಂಶಯ ಬಂದರೆ ಸೀಲಿಯಾಕ್ ರೋಗದ ರಕ್ತ ಪರೀಕ್ಷೆಗೆ ಮುಂಚೆಯೇ ಅದನ್ನು ಪೂರ್ತಿ ನಿಲ್ಲಿಸಿಬಿಡಿರಿ. ಗೋಧಿ ತಿನ್ನುತ್ತಿರುವಾಗ ಮಾಡಿದರೆ ಮಾತ್ರ ಆ ಪರೀಕ್ಷೆ ಸರಿಯಾದ ಉತ್ತರ ಕೊಡುತ್ತದೆ, ಆದ್ದರಿಂದ.

ಉಳ್ಳಾಗಡ್ಡಿಯನ್ನು ಚಾಕುವಿನಿಂದ ಕೊಯ್ಯಬೇಡಿರಿ. ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯಿರಿ. ಹಾಗೆ ಒಡೆದದ್ದನ್ನು ಅರ್ಧ ಉಳಿಸಿದವರನ್ನು ನಮ್ಮ ಕಡೆ ಯಾರೂ ನೋಡಿಲ್ಲ. ತಪ್ಪಲ ಉಳ್ಳಾಗಡ್ಡಿ ಸಿಕ್ಕರೆ ಹಸಿರು ತಪ್ಪಲನ್ನು ಚೆಲ್ಲಿ ಬಿಳಿ ಗಡ್ಡೆಯನ್ನಷ್ಟೇ ತಿನ್ನಿರಿ. ಹಸಿರು ಭಾಗ ಕರುಳಿಗೆ ಏನೂ ಮಾಡುವುದಿಲ್ಲ, ಅದರಿಂದ ನಿಮಗೇನು ಉಪಯೋಗ? ಬೆಳ್ಳುಳ್ಳಿಯಲ್ಲಿ ಒಂದು ಸೂಕ್ಷ್ಮವಿದೆ. ಅದರೊಳಗಿನ ತಂಟೆಕೋರ ಫ್ರಕ್ಟಾನು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಸಳನ್ನು ಎಣ್ಣೆಯಲ್ಲಿ ಕಾಯಿಸಿ ತೆಗೆದುಹಾಕಿ, ಆ ಎಣ್ಣೆಯಲ್ಲಿ ಚಿಟಿಕೆ ಇಂಗಿನ ಒಗ್ಗರಣೆ ಕೊಟ್ಟರೆ ಘಮ ಪೂರ್ತಿ ಬರುತ್ತದೆ, ಉಬ್ಬರ ಬರುವುದಿಲ್ಲ. ಈ ಸಂಗತಿ ಅಡುಗೆಮನೆಗೆ ಗೊತ್ತಾಗದಂತೆ ನೋಡಿಕೊಳ್ಳಿರಿ. ಎಸಳನ್ನು ನೇರವಾಗಿ ಸಾರಿನಲ್ಲೇ ಕುದಿಸಿರಿ.

ರಂಜಕಕ್ಕೆ ಬೇರೆಯೇ ಗೌರವ ಕೊಡಿರಿ. ಕೆಂಪು ಮೆಣಸಿನಕಾಯಿ, ಹಸಿ ಬೆಳ್ಳುಳ್ಳಿ, ಉಪ್ಪು, ನಿಂಬೆಹುಳಿ: ಒಂದೇ ಚಮಚದಲ್ಲಿ ಗಾಳಿಗೂ ಉರಿಗೂ ವ್ಯವಸ್ಥೆಯಾಗುತ್ತದೆ. ಖಾರದ ಉರಿಯನ್ನು ಗುರುತಿಸುವ ನರತುದಿಗಳು ಐಬಿಎಸ್ ಇರುವವರ ಕರುಳಲ್ಲಿ ಉಳಿದವರಿಗಿಂತ ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ನಿಸರ್ಗ ನಿಮಗೆ ಹೆಚ್ಚುವರಿ ಕೊಟ್ಟಿದೆ, ಖಾಲಿ ಬಿಡಬೇಡಿರಿ.

ಮೊಳಕೆ ಬಂದ ಮಡಕಿ ಕಾಳು, ಕಡಲೆ, ತೊಗರಿಬೇಳೆ ಒಳ್ಳೆಯವೇ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಒಂದು ಸಣ್ಣ ಬಟ್ಟಲು ತಿಂದರೆ ಬಹಳ ಮಂದಿಗೆ ತಡೆಯುತ್ತದೆ. ನೀವು ನೆನೆಸಿದ ನೀರಲ್ಲೇ ಬೇಯಿಸಿರಿ, 'ಸತ್ವ ಹೋಗಬಾರದು' ಎನ್ನಿರಿ. ಪ್ರಮಾಣವೆಂಬ ಮಾತನ್ನಂತೂ ಆಡಬೇಡಿರಿ. ಒಂದು ಬಟ್ಟಲು ಖಾರಬ್ಯಾಳಿಗೂ ಮೂರು ಬಟ್ಟಲಿಗೂ ವ್ಯತ್ಯಾಸವಿದೆ ಎಂದು ಒಪ್ಪಿಕೊಂಡ ದಿನವೇ ನಿಮ್ಮ ಗುಣವಾಗುವಿಕೆ ಶುರುವಾಗಿಬಿಡುತ್ತದೆ.

ಸಂಜೆ ಐದಾಯಿತೆಂದರೆ ನಮ್ಮ ವಿಜಯಪುರದ ಗಾಂಧಿ ಚೌಕದ ಕಡೆ ಹೊರಡಿರಿ. ಮಿರ್ಚಿ ಭಜಿಯಲ್ಲಿ ಕಡಲೆಹಿಟ್ಟು, ಮೆಣಸಿನಕಾಯಿ, ಎಣ್ಣೆ ಮೂರೂ ಒಂದೇ ಮೈಯಲ್ಲಿವೆ. ಪಕ್ಕದಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಪುಕ್ಕಟೆ. ಉಂಡ ಮೇಲೆ ದೊಡ್ಡ ಕರುಳು ಅಲುಗಾಡುವುದು ಎಲ್ಲರಿಗೂ ಸಹಜ. ಎಣ್ಣೆಯಂಶ ಹೆಚ್ಚಿದಷ್ಟೂ, ಊಟ ದೊಡ್ಡದಾದಷ್ಟೂ ಅದು ಜೋರು. ನಿಮ್ಮಂಥವರಿಗೆ ಅದು ಕುಳಿತಲ್ಲಿಂದ ಎಬ್ಬಿಸುವಷ್ಟು. ಆದ್ದರಿಂದ ಭಜಿ ತಿಂದ ಕೂಡಲೇ ಮನೆಗೆ ಹೋಗಬೇಡಿರಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನ ಗದ್ದಲದ ನಟ್ಟನಡುವೆ ಕಾಯಿಪಲ್ಲೆಗೆ ಚೌಕಾಸಿ ಮಾಡುತ್ತ ನಿಲ್ಲಿರಿ. ನೋವು ಬಂದಾಗ ಜೊತೆಗೆ ಗಾಬರಿಯೂ ಬರುತ್ತದೆ. ಗಾಬರಿ ಬಂದರೆ ನೋವು ದುಪ್ಪಟ್ಟು.

ಚಾ ಎಷ್ಟು ಕುಡಿಯಬೇಕು? ಬ್ರಿಟನ್ನಿನ ನೈಸ್ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ಚಹಾ, ಕಾಫಿ ದಿನಕ್ಕೆ ಮೂರು ಕಪ್ಪಿಗೆ ಮೀರಬಾರದೆಂದು ಹೇಳಿದೆ. ನೀವು ಹಾಫ್ ಚಾ ಕುಡಿಯಿರಿ. ಹಾಫ್ ಚಾ ಲೆಕ್ಕಕ್ಕೆ ಬರುವುದಿಲ್ಲ. ಸಂಡಾಸಕ್ಕೆ ಹೋಗುವ ಮುಂಚಿನದು, ಹೋಗಿಬಂದ ಮೇಲಿನದು, ಪೇಪರ್ ಓದುವಾಗಿನದು, ಸ್ಟ್ಯಾಂಡಿನಲ್ಲಿ ಬಸ್ಸು ಬಾರದ್ದಕ್ಕೆ ಒಂದು, ಬಂದದ್ದು ತುಂಬಿ ಹೋದದ್ದಕ್ಕೆ ಇನ್ನೊಂದು. ಬೀಗರ ಮನೆಯಲ್ಲಿ ಕಪ್ಪು-ಬಸಿ ಎದುರಿಗೆ ಬಂದರೆ ಬೇಡ ಎನ್ನುವುದು ಅವರ ಹಾಲಿಗೆ ಮಾಡಿದ ಅವಮಾನ.

ಇಷ್ಟು ಊರೊಳಗಿನ ಪಾಠ. ಮೇಲಿನ ತರಗತಿಗಾಗಿ ತಿಕೋಟಾಕ್ಕೆ ಹೋಗಿರಿ. ತಿಕೋಟಾ, ಬಬಲೇಶ್ವರದ ಸುತ್ತಲಿನ ಹೊಲಗಳಲ್ಲಿ ಈಗ ಕಣ್ಣು ಹಾಯುವ ತನಕ ದ್ರಾಕ್ಷಿ ಪಡಗಳು, ಹನಿ ನೀರಾವರಿಯ ಕಪ್ಪು ಪೈಪುಗಳು, ನೆರಳು ಬಲೆ ಕಟ್ಟಿದ ಒಣದ್ರಾಕ್ಷಿ ಶೆಡ್ಡುಗಳು. ಸುಗ್ಗಿಯಲ್ಲಿ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಬಿಟ್ಟು ತೇವ ಬೇಗ ಹೊರಬರಲಿ ಎಂದು. ಆಮೇಲೆ ಜಾಳಿಗೆಯ ಅಂತಸ್ತುಗಳ ಮೇಲೆ ಹರಡಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಮಣೂಕ ಆಗುತ್ತದೆ. ಹೋದದ್ದು ನೀರು ಮಾತ್ರ, ಸಕ್ಕರೆಯೆಲ್ಲ ಅಲ್ಲೇ ಕುಳಿತಿದೆ. ನಾಲ್ಕು ಕಿಲೋ ಹಣ್ಣನ್ನು ಕುಳಿತು ತಿನ್ನಲು ಯಾರಿಗೆ ಸಾಧ್ಯ? ಮಣೂಕವಾದರೆ ಮಾತಾಡುತ್ತ ಮಾತಾಡುತ್ತ ಅರ್ಧ ಪಾವು ಮುಗಿಯುತ್ತದೆ.

ಆದ್ದರಿಂದ ತೋಟದವರು 'ಒಂದ್ ಬೊಗಸಿ ತಗೊಳ್ರಿ ಅಣ್ಣಾರ, ನಮ್ಮ ಶೆಡ್ಡಿಂದಾ ಐತಿ, ಏನೂ ಆಗಂಗಿಲ್ಲ' ಎಂದಾಗ ಎರಡೂ ಕೈ ಚಾಚಿರಿ. ಸಿಡುಕು ಕರುಳಿನವರಿಗೆ ಒಂದು ಚಮಚದಷ್ಟು ತಡೆಯಬಹುದು, ಬೊಗಸೆ ತಡೆಯುವುದಿಲ್ಲ. ಇದನ್ನು ಅವರಿಗೆ ವಿವರಿಸುವ ಗೋಜಿಗೆ ಹೋಗಬೇಡಿರಿ, ಅವರ ವರ್ಷದ ದುಡಿಮೆ ಅದು. ಹೊರಡುವಾಗ ಕೈಗಿಟ್ಟ ಎರಡು ಕಿಲೋ ಡಬ್ಬಿಯನ್ನೂ ತನ್ನಿರಿ. ರಾತ್ರಿ ನೆನೆಹಾಕಿ ಮುಂಜಾನೆ ಖಾಲಿ ಹೊಟ್ಟೆಗೆ, ಆ ನೀರಿನ ಸಮೇತ. ಮಲಬದ್ಧತೆಯ ಜಾತಿಯವರಿಗೆ ಇದು ಕೆಲಸ ಮಾಡಿದ್ದುಂಟು. ಯಾರಿಗೋ ಮಾಡಿತೆಂದ ಮೇಲೆ ಉಬ್ಬರ, ಭೇದಿಯ ಜಾತಿಯವರಾದ ನಿಮಗೂ ಮಾಡಲೇಬೇಕು. ನಿಮ್ಮದು ಯಾವ ಜಾತಿ ಎಂದು ಗೊತ್ತುಮಾಡಿಕೊಳ್ಳಲು ಬ್ರಿಸ್ಟಲ್ ಚಾರ್ಟ್ ಎಂಬುದೊಂದು 1997ರಿಂದ ಇದೆ: ಗಟ್ಟಿ ಹಿಕ್ಕೆ ಒಂದನೆಯ ನಮೂನೆ, ಬರಿ ನೀರು ಏಳನೆಯದು. ಅದನ್ನು ನೋಡಬೇಡಿರಿ. ಡಾಕ್ಟರು ಕೇಳಿದರೆ 'ಒಮ್ಮೊಮ್ಮೆ ಹಂಗ, ಒಮ್ಮೊಮ್ಮೆ ಹಿಂಗ' ಎನ್ನಿರಿ.

ಎಳ್ಳಮಾಸಿಗೆ ಬಬಲೇಶ್ವರದ ಕಡೆ ಹೊಲವಿರುವ ನೆಂಟರನ್ನು ಹುಡುಕಿರಿ. ಚರಗ ಚೆಲ್ಲಿ ಬಂದು ಗಿಡದ ನೆರಳಿಗೆ ಕುಳಿತರೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಲೆ, ಕಾಳು ಪಲ್ಯ, ಹಿಂಡಿಗಳ ಸಾಲು, ಗಟ್ಟಿ ಮೊಸರು. ವರ್ಷಕ್ಕೊಮ್ಮೆ ಬರುವ ಊಟ. ಇದರಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಆರಿಸಿ ಸಂತೋಷವಾಗಿ ಉಣ್ಣುವುದಕ್ಕೂ ದಾರಿಯಿದೆ. ಆ ದಾರಿ ಹಿಡಿಯಬೇಡಿರಿ. ಒಂದೋ ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಳ್ಳಿರಿ, ಇಲ್ಲವೇ 'ನನಗ ಏನೂ ನಡಿಯಂಗಿಲ್ರಿ' ಎಂದು ಖಾಲಿ ತಾಟಿನ ಮುಂದೆ ಕುಳಿತು ಹತ್ತು ಮಂದಿಯ ಊಟ ಕೆಡಿಸಿರಿ. ಮೊದಲನೆಯದನ್ನು ಆರಿಸಿದವರು ಚರಗಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಡಿರಿ. ಎರೆಭೂಮಿಯಲ್ಲಿ ಮರೆಯಾಗಲು ತೊಗರಿ ಸಾಲೊಂದೇ ಇರುತ್ತದೆ, ಅದೂ ಬೀಗರು ಕುಳಿತ ಕಡೆಗೇ.

ಉಬ್ಬರದ ದಿನ ಅಡ್ಡಾಡಬೇಡಿರಿ. ನಡೆದರೆ ಗಾಳಿ ಸರಿದು ಹಗುರಾಗುತ್ತದೆ. ಮನೆಗೆ ಬಂದ ನೆಂಟರು ಗೋಲಗುಮ್ಮಟ ನೋಡೋಣವೆಂದರೆ ಅವರನ್ನಷ್ಟೇ ಕಳಿಸಿರಿ. ಅಷ್ಟು ಮೆಟ್ಟಿಲು ಹತ್ತಿದಾಗ ಸರಿಯುವುದು ನೇರ ಪಿಸುಮಾತಿನ ಗ್ಯಾಲರಿಯಲ್ಲೇ ಸರಿದರೆ, ಮುಹಮ್ಮದ್ ಆದಿಲ್ ಶಾಹನ ಗುಮ್ಮಟ ಅದನ್ನು ಏಳು ಸಲ ಹೇಳಿಬಿಡುತ್ತದೆ.

ಈಗ ಓದಿದವರಿಗಾಗಿ ಒಂದು ವಿಶೇಷ ವಿಧಾನ. ಫಾಡ್‌ಮ್ಯಾಪ್ ಪಥ್ಯವನ್ನು ಕಂಡುಹಿಡಿದವರು ಅದಕ್ಕೆ ಮೂರು ಹಂತ ಇಟ್ಟಿದ್ದಾರೆ. ಎರಡರಿಂದ ಆರು ವಾರ ತಂಟೆಯ ಪಟ್ಟಿಯನ್ನು ಬಿಡುವುದು. ಆಮೇಲೆ ಒಂದೊಂದನ್ನೇ ಸ್ವಲ್ಪಸ್ವಲ್ಪವಾಗಿ ಮರಳಿ ತಿಂದು ಯಾವುದು ತನಗೆ ಆಗದು ಎಂದು ಗುರುತಿಸುವುದು. ಕೊನೆಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ತಿಂದುಕೊಂಡಿರುವುದು. ಬಹಳ ಜನಕ್ಕೆ ಇದು ಹಿಡಿಸಿದೆ. ನೀವು ಮೊದಲ ಹಂತದಲ್ಲೇ ಮನೆ ಕಟ್ಟಿರಿ. ಫೋನಿನಲ್ಲಿ ಬಂದ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿ ವರ್ಷಗಟ್ಟಲೆ ಬಿಡುತ್ತ ಹೋಗಿರಿ: ಈ ತಿಂಗಳು ಬೇಳೆ, ಮುಂದಿನ ತಿಂಗಳು ಮೊಸರು, ಆಮೇಲೆ ಹಣ್ಣು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಅನ್ನವೂ ಅದೇ ಪಟ್ಟಿಯಲ್ಲಿದೆ. ಅವು ಉಪವಾಸ ಬೀಳಲಿ. ಮೈ ಇಳಿದು, ಅನ್ನ-ಮಜ್ಜಿಗೆಯೊಂದೇ ಉಳಿದಾಗ, ಮಜ್ಜಿಗೆಯಲ್ಲೂ ಹಾಲಿನ ಸಕ್ಕರೆ ಸ್ವಲ್ಪ ಇರುತ್ತದೆಂದು ಓದಿ ಅದನ್ನೂ ಬಿಡಿರಿ. ಆಮೇಲೊಂದು ದಿನ ಮದುವೆಮನೆಯಲ್ಲಿ ಬಿಟ್ಟದ್ದೆಲ್ಲವನ್ನೂ ಒಂದೇ ಎಲೆಯಲ್ಲಿ ಮರಳಿ ಪರೀಕ್ಷಿಸಿರಿ.

ಏನು ತಿಂದೆ, ಎಷ್ಟೊತ್ತಿಗೆ ನೋವಾಯಿತು ಎಂದು ವಹಿ ಬರೆದಿಡಬೇಡಿರಿ. ಕಿರಾಣಿ ಅಂಗಡಿಯ ಉದ್ರಿ ಖಾತೆಯಂತೆ ಅದು ಹೆಸರು ಹಿಡಿದು ಹೇಳಿಬಿಡುತ್ತದೆ. ನೆನಪಿನಿಂದಲೇ ತೀರ್ಪು ಕೊಡಿರಿ, ಅದೂ ಕಟ್ಟಕಡೆಗೆ ತಿಂದದ್ದರ ಮೇಲೆ. ಹುಳಿಯುವ ಆಹಾರ ದೊಡ್ಡ ಕರುಳು ಮುಟ್ಟಿ ಗಾಳಿ ಎಬ್ಬಿಸಲು ತಾಸುಗಟ್ಟಲೆ ಬೇಕು. ಈಗಿನ ನೋವು ಮಧ್ಯಾಹ್ನದ ಖಾರಬ್ಯಾಳಿಯದೋ ನಿನ್ನೆ ರಾತ್ರಿಯದೋ ಇರುತ್ತದೆ. ಆದರೆ ಕಣ್ಣೆದುರಿಗೆ ಸಿಕ್ಕಿದ್ದು ಸವತಿಕಾಯಿ. ಅದಕ್ಕೇ ಶಿಕ್ಷೆಯಾಗಲಿ.

ನಾರಿನ ವಿಷಯದಲ್ಲಿ ಧಾರಾಳವಾಗಿರಿ. ನೀರು ಹಿಡಿದು ಲೋಳೆಯಾಗುವ ಇಸಬ್‌ಗೋಲು ಈ ಕಾಯಿಲೆಗೆ ಒಗ್ಗುತ್ತದೆ, ಸ್ವಲ್ಪದಿಂದ ಶುರುಮಾಡಿ ಬೇಕಾದಷ್ಟು ನೀರು ಕುಡಿಯಬೇಕು. ಗೋಧಿ ತೌಡು ಬಹಳ ಜನರಿಗೆ ಉಬ್ಬರ ಹೆಚ್ಚಿಸುತ್ತದೆ. ನೀವು ತೌಡನ್ನೇ ಆರಿಸಿರಿ. ಇಸಬ್‌ಗೋಲು ಗಂಟುಬಿದ್ದರೆ ಮೊದಲ ದಿನವೇ ಮೂರು ಚಮಚ, ಒಂದು ಗುಟುಕು ನೀರಿನಲ್ಲಿ. ಪುದೀನಾ ಎಣ್ಣೆಯ ಕ್ಯಾಪ್ಸೂಲು ಬರೆದುಕೊಟ್ಟರೆ ಅಗಿದು ನುಂಗಿರಿ. ಕರುಳಲ್ಲಿ ಬಿಚ್ಚಿಕೊಳ್ಳಬೇಕಾದದ್ದು ಗಂಟಲಲ್ಲೇ ಬಿಚ್ಚಿ, ಇಲ್ಲದ ಎದೆಯುರಿಯೂ ಹೊಸದಾಗಿ ಸೇರುತ್ತದೆ. ಭೇದಿ ಹತ್ತಿದಾಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ನಿಂತು 'ಸಂಡಾಸ ನಿಲ್ಲೂ ಗುಳಗಿ ಕೊಡ್ರಿ' ಎನ್ನಿರಿ. ಎರಡು ಆಂಟಿಬಯೋಟಿಕ್ ಕೂಡಿಸಿದ ಗುಳಿಗೆಯೊಂದು ಬರುತ್ತದೆ. ಕೊಲ್ಲಬೇಕಾದ ರೋಗಾಣು ಯಾವುದೂ ಇಲ್ಲದಿದ್ದರೂ ನಾಲ್ಕು ಗುಳಿಗೆ ನುಂಗಿ ಐದನೆಯದನ್ನು ಮುಂದಿನ ಸಲಕ್ಕೆ ಎತ್ತಿಡಿರಿ.

ಹೊತ್ತಿಗೆ ಸರಿಯಾಗಿ ಉಣ್ಣಬೇಡಿರಿ. ಮುಂಜಾನೆ ಹೆದರಿ ಉಪವಾಸ, ಮಧ್ಯಾಹ್ನ ಕೆಲಸವೆಂದು ಉಪವಾಸ, ರಾತ್ರಿ ಹನ್ನೊಂದಕ್ಕೆ ಎರಡನ್ನೂ ಸೇರಿಸಿ ತೀರಿಸಿರಿ, ಮಲಗಿರಿ. ಮರುದಿನ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿದ್ದರೆ ಇಂದಿನಿಂದಲೇ ಅದನ್ನು ನೆನೆಯಿರಿ. ಎಲ್ಲಿ ನಿಲ್ಲಿಸುತ್ತಾನೆ, ನಿಲ್ಲಿಸದಿದ್ದರೆ ಏನು ಗತಿ, ಮೇಲಿನ ಬರ್ತಿನಿಂದ ಇಳಿಯಲು ಎಷ್ಟು ಹೊತ್ತು ಬೇಕು. ಅಂಜಿಕೆಗೂ ಕರುಳಿಗೂ ನರಗಳ ನೇರ ದಾರಿಯಿದೆ. ಮಾತುಕತೆಯ ಚಿಕಿತ್ಸೆಯಿಂದ, ಕರುಳಿಗೆಂದೇ ಇರುವ ಸಂಮೋಹನ ಚಿಕಿತ್ಸೆಯಿಂದ ಈ ರೋಗ ತಗ್ಗಿದ ಪುರಾವೆಗಳಿವೆ. ಯಾರಾದರೂ ಹಾಗೆ ಸೂಚಿಸಿದರೆ ಎದ್ದು ನಿಂತು 'ನನಗೇನ್ ಹುಚ್ಚ ಹಿಡದೈತೇನ್ರಿ?' ಎಂದು ಕೇಳಿ ಹೊರನಡೆಯಿರಿ. ಫೀ ಕೊಟ್ಟಿರುತ್ತೀರಿ, ಅಷ್ಟು ಹಕ್ಕಿದೆ.

ಕೊನೆಗೆ ಯಾರೋ ಹಟ ಹಿಡಿದು ನಿಮ್ಮನ್ನು ಡಯಟೀಶಿಯನ್ ಮುಂದೆ ಕೂರಿಸುತ್ತಾರೆ. ಆ ಹುಡುಗಿ ಪೆನ್ನು ಬಿಚ್ಚಿ 'ಮುಂಜಾನಿಂದ ರಾತ್ರಿ ತನಕ ಏನೇನ ತಿಂತೀರಿ ಕಾಕಾ, ಎಲ್ಲಾ ಹೇಳ್ರಿ' ಎನ್ನುತ್ತಾಳೆ. ಇದು ಇಡೀ ವಿದ್ಯೆಯ ಪರೀಕ್ಷೆ, ಗಡಿಬಿಡಿ ಮಾಡಿಕೊಳ್ಳಬೇಡಿರಿ. ಭಜಿ ತಿಂದದ್ದು ನಿಂತುಕೊಂಡು, ಅದು ಊಟವಲ್ಲ. ಚಾ ಕುಡಿಯುವಂಥದ್ದು, ತಿನ್ನುವಂಥದ್ದಲ್ಲ. ಮಣೂಕ ಮಂದಿ ಕೊಟ್ಟದ್ದು. ರಂಜಕ ಬೆರಳಿಗೆ ಹತ್ತಿದ್ದು. ಮದುವೆ ಹೋದ ವಾರದ್ದು. ಇವಿಷ್ಟನ್ನೂ ಕಳೆದು ಉಳಿದದ್ದನ್ನು ಆಕೆಗೆ ಸ್ಪಷ್ಟವಾಗಿ ಬರೆಸಿರಿ: 'ಏನಿಲ್ಲವ್ವಾ, ಮನಿ ಊಟ. ಎರಡ ಚಪಾತಿ.'